ಫುಟ್‌ಪಾತ್ ಎಂದರೆ ಜಗುಲಿಯಲ್ಲ

ರಸ್ತೆ ವಿನ್ಯಾಸದ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೋಗಲಿ, ತೀರ್ಥಹಳ್ಳಿಗೆ ಹೋಗಲಿ, ನನ್ನ ಮುಂದೆ ಬರುವ ಬೇಡಿಕೆ ಒಂದೇ: “ಫುಟ್‌ಪಾತನ್ನು ಇನ್ನೊಂದು ಅಡಿ ಎತ್ತರಿಸಿ, ಮಳೆಗಾಲದಲ್ಲಿ ನೀರು ನುಗ್ಗಬಾರದು.” ಇದರ ಮೂಲ ನನಗೆ ಅರ್ಥವಾಗುತ್ತದೆ. ಮಲೆನಾಡಿನ ಮನೆಗೆ ಜಗುಲಿ ಎತ್ತರವಿದ್ದಷ್ಟೂ ಗೋಡೆಯ ಬುಡಕ್ಕೆ ಎರಚಲು ತಾಗುವುದು ಕಡಿಮೆ. ಆದರೆ ಜಗುಲಿಗೆ ಒಂದು ಕಡೆ ಮೆಟ್ಟಿಲಿದ್ದರೆ ಸಾಕು. ಫುಟ್‌ಪಾತನ್ನು ಪ್ರತಿ ಮನೆಯ ಗೇಟೂ ಪ್ರತಿ ಅಡ್ಡರಸ್ತೆಯೂ ತುಂಡರಿಸುತ್ತವೆ, ತುಂಡಾದಲ್ಲೆಲ್ಲ ನಡೆಯುವವರು ಇಳಿದು ಹತ್ತಬೇಕಾಗುತ್ತದೆ.

ಲೆಕ್ಕ ಸರಳವಾಗಿದೆ. ಫುಟ್‌ಪಾತಿನ ಅಂಚಿಗೆ ನಿಲ್ಲಿಸುವ ಕರ್ಬ್ ಕಲ್ಲಿನ ಎತ್ತರ 150 ಮಿ.ಮೀ. ಮೀರಬಾರದೆಂದು, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ಇಳಿಜಾರು ಬೇಕು. ಅಂದರೆ 150 ಮಿ.ಮೀ. ಎತ್ತರಕ್ಕೆ 1.8 ಮೀಟರ್, ಅದನ್ನು 300ಕ್ಕೆ ಏರಿಸಿದರೆ 3.6 ಮೀಟರ್ ಉದ್ದದ ಇಳಿಜಾರು. ಅಡ್ಡರಸ್ತೆಯ ಎರಡೂ ಬದಿಗೆ ಅಷ್ಟು ಜಾಗವನ್ನು ನಮ್ಮ ಪೇಟೆ ಬೀದಿಗಳಲ್ಲಿ ಎಲ್ಲಿಂದ ತರುವುದು? ಜಾಗವಿಲ್ಲದೆ ಗುತ್ತಿಗೆದಾರರು ಎರಡು ಮೆಟ್ಟಿಲು ಕಟ್ಟಿ ಮುಗಿಸುತ್ತಾರೆ, ಮಂಡಿ ನೋವಿನವರು ಅದರ ಸಹವಾಸವೇ ಬೇಡವೆಂದು ವಾಹನಗಳ ನಡುವೆ ನಡೆಯುತ್ತಾರೆ.

ಒಂದು ಆರಿದ್ರ ಮಳೆಯ ದಿನ, ನಾನು ನಿಂತಿದ್ದ ಬಸ್ ತಂಗುದಾಣದ ಮುಂದಿನ ಫುಟ್‌ಪಾತ್ ಹೆಚ್ಚುಕಡಿಮೆ ಮಂಡಿಯೆತ್ತರಕ್ಕಿತ್ತು. ಬಸ್ಸು ಬಂದದ್ದು ಕಂಡು ಒಬ್ಬ ಅಜ್ಜಿ ಕೊಡೆ ಮಡಚಿ, ಕೈಚೀಲವನ್ನು ಪಕ್ಕಕ್ಕಿಟ್ಟು, ಒದ್ದೆ ಅಂಚಿನ ಮೇಲೆ ಕುಳಿತು, ಒಂದೊಂದೇ ಕಾಲನ್ನು ಪಾದ ಮುಳುಗುವಷ್ಟು ನೀರಿಗಿಳಿಸಿದರು. ಅಲ್ಲಿಂದ ಮತ್ತೆ ಬಸ್ಸಿನ ಮೆಟ್ಟಿಲು ಹತ್ತಬೇಕಿತ್ತು. ಕಂಡಕ್ಟರ್ ಕೆಳಗಿಳಿದು ಕೈಹಿಡಿದದ್ದರಿಂದ ಹತ್ತಿದರು. ಬಸ್ಸು ಹೋದ ಮೇಲೆ ಟೇಪು ಹಿಡಿದು ಅಳೆದೆ: 380 ಮಿ.ಮೀ.

ಅಷ್ಟು ಎತ್ತರಿಸಿಯೂ ನೀರು ಅಲ್ಲೇ ನಿಂತಿತ್ತೆಂಬುದನ್ನು ಗಮನಿಸಬೇಕು. ನೀರನ್ನು ಸಾಗಿಸುವುದು ಎತ್ತರವಲ್ಲ, ಓಟ, ಅಂದರೆ ಇಳಿಜಾರು. ಫುಟ್‌ಪಾತಿನ ಹಾಸು ಐವತ್ತಕ್ಕೆ ಒಂದರಷ್ಟು ರಸ್ತೆಯ ಕಡೆ ವಾಲಿರಬೇಕು, ಕರ್ಬಿನಲ್ಲಿ ಅಲ್ಲಲ್ಲಿ ಚರಂಡಿಗೆ ಬಾಯಿ ಬಿಟ್ಟಿರಬೇಕು, ಆ ಚರಂಡಿಯ ಹೂಳನ್ನು ಮಳೆ ಹಿಡಿಯುವ ಮೊದಲೇ ಎತ್ತಿರಬೇಕು. ಬಾಯಿಯಿಲ್ಲದ ಎತ್ತರದ ಕರ್ಬು ರಸ್ತೆಯನ್ನೇ ಕಾಲುವೆ ಮಾಡುತ್ತದೆ.

ಹೊಳೆಯೇ ಏರಿ ಬರುವ ತುಂಗೆಯ ದಡದ ತಗ್ಗು ಪ್ರದೇಶಗಳಿಗೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾರೆ, ಅಲ್ಲಿ ಮಟ್ಟ ಅಳೆದೇ ಮಾತಾಡಬೇಕು. ಉಳಿದೆಡೆ ಮನೆಗೆ ನೀರು ನುಗ್ಗಲು ನಾನು ಹೆಚ್ಚಾಗಿ ಕಂಡ ಕಾರಣ ಬೇರೆಯೇ: ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಬಂದು, ರಸ್ತೆ ಹೊಸಿಲಿನ ಮಟ್ಟಕ್ಕೆ ಏರಿರುತ್ತದೆ. ದಯವಿಟ್ಟು ನಿಮ್ಮ ಬೀದಿಗೆ ಡಾಂಬರು ಬರುವ ದಿನ ಹೊರಗೆ ಬಂದು, ಹಳೆಯ ಪದರ ತೆಗೆದಿದ್ದಾರೆಯೇ ಎಂದು ನೋಡಿ. ತೆಗೆದಿಲ್ಲವಾದರೆ ಯಂತ್ರ ಉರುಳುವ ಮೊದಲೇ ಕೇಳಿ.