ಲಾರಿ ನಿಂತದ, ಬಿಲ್ ಬರವಲ್ದು

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ನಾನು ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್ ಓಡುತ್ತದೆ. ಜನವರಿ, ತೊಗರಿ ಸುಗ್ಗಿ. ರಾತ್ರಿ 11ಕ್ಕೆ ಹೊಸ ವರ್ಷನ್ ಹಾಕಿದೆ. ಸರ್ವರ್ ಶುರುವಾಯಿತು, ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಮಲಗಿದೆ. ಬೆಳಿಗ್ಗೆ 9ಕ್ಕೆ ಫೋನ್: "ಸರ್, ಲಾರಿ ನಿಂತದ. ಬಿಲ್ ಬರವಲ್ದು ನೋಡ್ರಿ."

ತಪ್ಪು ನಂದೇ. ತೆರಿಗೆ ದರದ ಫೈಲ್ ಬೇರೆ ಫೋಲ್ಡರಿಗೆ ಹೋಗಿತ್ತು, ಕೋಡ್‌ನಲ್ಲಿ ಹಳೇ ಜಾಗವೇ ಉಳಿದಿತ್ತು. ಆದರೆ ಅದು ರಾತ್ರಿಯೇ ಯಾಕೆ ಗೊತ್ತಾಗಲಿಲ್ಲ?

ನಾನು ಬಳಸುವ ಡಾಟ್‌ನೆಟ್‌ನಲ್ಲಿ (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ) ಡಿಪೆಂಡೆನ್ಸಿ ಇಂಜೆಕ್ಷನ್ ಕಂಟೇನರ್, ಅಂದರೆ ಪ್ರೋಗ್ರಾಮಿನ ಭಾಗಗಳನ್ನು ತಯಾರಿಸಿ ಬೇಕಾದಲ್ಲಿಗೆ ಕೊಡುವ ವ್ಯವಸ್ಥೆ, ಇದೆ. ಅದಕ್ಕೆ ಆಡ್‌ಸಿಂಗಲ್‌ಟನ್ (ಒಂದೇ ಪ್ರತಿ ಸಾಕು) ಅಂತ ಒಂದು ಕ್ಲಾಸ್ ಕೊಟ್ಟರೆ, ಅದು ಸುಮ್ನೆ ಹೆಸರು ಬರೆದುಕೊಳ್ಳುತ್ತದೆ. ಯಾರಾದರೂ ಮೊದಲ ಸಲ ಕೇಳಿದಾಗಲೇ ಆಬ್ಜೆಕ್ಟ್ ಮಾಡುತ್ತದೆ, ಆಮೇಲೆ ಎಲ್ಲರಿಗೂ ಅದನ್ನೇ ಕೊಡುತ್ತದೆ. ನಮ್ಮಲ್ಲಿ ತೆರಿಗೆ ಫೈಲ್ ಓದುವ ಕ್ಲಾಸನ್ನು ಮೊದಲು ಕೇಳಿದ್ದು ಆ ಲಾರಿಯ ಬಿಲ್. ಶುರುವಿನಲ್ಲೇ ಪರೀಕ್ಷಿಸುವ ವ್ಯಾಲಿಡೇಟ್‌ಆನ್‌ಬಿಲ್ಡ್ ಇದೆಯಲ್ಲ ಅನ್ನಬಹುದು. ಅದು ಬೇಕಾದದ್ದೆಲ್ಲ ರಿಜಿಸ್ಟರ್ ಆಗಿದೆಯಾ ಅಂತ ನೋಡುತ್ತದೆ ಅಷ್ಟೇ, ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಓಡಿಸುವುದಿಲ್ಲ.

ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಉಲ್ಟಾ: ಸಿಂಗಲ್‌ಟನ್‌ಗಳೆಲ್ಲ ಶುರುವಿನಲ್ಲೇ ತಯಾರು, ಬೇಡವಾದದ್ದಕ್ಕೆ ಲೇಜಿ ಅಂತ ಬರೆಯಬೇಕು. ಜಾವಾಕ್ಕೇ ಗೂಗಲ್ ಮಾಡಿದ ಇಂಥದ್ದೇ ಕಂಟೇನರ್ ಜ್ಯೂಸ್ (ಸ್ಪೆಲ್ಲಿಂಗ್ Guice, ಕುಡಿಯೋದಲ್ಲ) ನನಗೆ ಜಾಸ್ತಿ ಹಿಡಿಸಿತು. ಪ್ರೊಡಕ್ಷನ್ (ನಿಜವಾದ ಬಳಕೆ) ಅಂತ ಹೇಳಿದರೆ ಸಿಂಗಲ್‌ಟನ್‌ಗಳನ್ನೆಲ್ಲ ಮೊದಲೇ ಕಟ್ಟುತ್ತದೆ. ಡೆವಲಪ್‌ಮೆಂಟ್‌ನಲ್ಲಿ ಬೇಗ ಶುರುವಾಗಲಿ ಅಂತ ಕೇಳಿದಾಗ ಮಾತ್ರ.

ನಾನು ಮಾಡಿದ್ದು ಇಷ್ಟು: ಆ್ಯಪ್ ಬಿಲ್ಡ್ ಆದ ಮೇಲೆ, ರನ್ ಸಾಲಿಗೆ ಮುಂಚೆ, ಗೆಟ್‌ರಿಕ್ವೈರ್ಡ್‌ಸರ್ವೀಸ್ ಅಂತ ತೆರಿಗೆ ಕ್ಲಾಸನ್ನು ಒಮ್ಮೆ ಕೇಳಿಬಿಟ್ಟೆ. ಒಂದೇ ಸಾಲು. ಕನ್‌ಸ್ಟ್ರಕ್ಟರ್ ಫೈಲ್ ಓದುತ್ತಿದ್ದರಿಂದ ಇದು ಸಾಕಾಯಿತು. ಡೇಟಾಬೇಸ್ ಕ್ಲಾಸ್ ಹಾಗಲ್ಲ. ಅದು ಕನೆಕ್ಷನ್ ಸ್ಟ್ರಿಂಗ್ (ಡೇಟಾಬೇಸ್ ವಿಳಾಸ, ಪಾಸ್‌ವರ್ಡ್ ಇರುವ ಸಾಲು) ಇಟ್ಟುಕೊಂಡು ಸುಮ್ಮನಿರುತ್ತದೆ. ಆಬ್ಜೆಕ್ಟ್ ಹುಟ್ಟಿದರೂ ಪಾಸ್‌ವರ್ಡ್ ತಪ್ಪಿದ್ದು ಗೊತ್ತಾಗಲ್ಲ. ಅಲ್ಲಿ ಒಂದು ಸಣ್ಣ ಕ್ವೆರಿಯನ್ನೂ ಓಡಿಸಬೇಕು.

ಹಾಗಂತ ಎಲ್ಲವನ್ನೂ ಮೊದಲೇ ಎಬ್ಬಿಸಬೇಡಿ. ಖಾನಾವಳಿಯಲ್ಲಿ ಎಣ್ಣೆಗಾಯಿ ಮುಂಚೆಯೇ ಆಗಿರಬೇಕು, ರೊಟ್ಟಿ ಗಿರಾಕಿ ಕೂತ ಮೇಲೆ ತಟ್ಟಿದರೆ ಆಯಿತು, ಅಲ್ವಾ? ಎಸ್‌ಎಂಎಸ್ ಕಳಿಸುವ ಹೊರಗಿನ ಸರ್ವರ್ ಮಲಗಿದ್ದಕ್ಕೆ ನಮ್ಮ ಬಿಲ್ಲಿಂಗ್ ಶುರುವಾಗದೆ ಕೂತರೆ, ಮಿಲ್ ಮಾಲೀಕರಿಗೆ ಏನು ಹೇಳೋದು?

ಹೋದ ತಿಂಗಳು ರಾತ್ರಿ ಹಾಕಿದ ವರ್ಷನ್ ಏಳಲೇ ಇಲ್ಲ. ತೆರಿಗೆ ಫೈಲ್‌ನಲ್ಲಿ ಒಂದು ಕಾಮಾ ಜಾಸ್ತಿ ಬಿದ್ದಿತ್ತು. ತೆಗೆದು ಮತ್ತೆ ಶುರು ಮಾಡಿದಾಗ 11:20. ಬೆಳಿಗ್ಗೆ ಫೋನ್ ಬರಲಿಲ್ಲ.