ಪದ ಪರಿಚಯ: ಮೃದು ಶಿಲ್ಪ

ಬಟ್ಟೆ, ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ, ರಬ್ಬರ್, ನಾರು, ಸ್ಪಂಜು ಮೊದಲಾದ ಮೆತ್ತನೆಯ ವಸ್ತುಗಳಿಂದ ರೂಪಿಸಿದ, ತನ್ನ ತೂಕಕ್ಕೆ ತಾನೇ ಬಾಗುವ, ಜೋಲುವ, ಕುಸಿಯುವ ಶಿಲ್ಪಕ್ಕೆ ಮೃದು ಶಿಲ್ಪ ಎಂದು ಹೆಸರು. ವಸ್ತು ಯಾವುದು ಎಂಬುದಷ್ಟೇ ಇಲ್ಲಿ ಮುಖ್ಯವಲ್ಲ. ಬಾಗುವುದು, ಜೋಲುವುದು ಮುಖ್ಯ. ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಹಲಗೆಯಂತೆ ಬಿಗಿಯಾಗಿಸಿದರೆ ಅದನ್ನು ಮೃದು ಶಿಲ್ಪ ಎನ್ನುವುದು ಕಷ್ಟ.

ಇಂದಿನ ಕಲಾ ಸಂಗ್ರಹಾಲಯಗಳಲ್ಲಿ ತಮಾಷೆಯ, ಆಟದ ಗುಣದ ಶಿಲ್ಪಗಳ ಪ್ರದರ್ಶನಕ್ಕೆ ಹೋದವರಿಗೆ ಈ ಪದ ಖಂಡಿತ ಎದುರಾಗುತ್ತದೆ. ಅಂಥ ಕಡೆ ಹೆಚ್ಚಿನವರು ಫಲಕವನ್ನೂ ಓದದೆ ನಕ್ಕು, ಫೋಟೋ ತೆಗೆದು ಮುಂದೆ ಸಾಗುತ್ತಾರೆ. ನಗುವುದು ಸರಿಯೇ. ಆದರೆ ಆ ನಗು ಎಲ್ಲಿಂದ ಹುಟ್ಟಿತು ಎಂದು ಒಂದು ಕ್ಷಣ ನಿಂತು ನೋಡಿದರೆ ಶಿಲ್ಪ ಎಂಬ ಕಲೆಯೇ ಬೇರೆಯಾಗಿ ಕಾಣತೊಡಗುತ್ತದೆ.

ಈ ಬಗೆಯ ಶಿಲ್ಪದೊಂದಿಗೆ ತಪ್ಪದೆ ಬರುವ ಹೆಸರು ಕ್ಲೇಸ್ ಓಲ್ಡನ್‌ಬರ್ಗ್ (1929–2022). ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಇವರು 1962ರಲ್ಲಿ ನ್ಯೂಯಾರ್ಕಿನ ಗ್ರೀನ್ ಗ್ಯಾಲರಿಯಲ್ಲಿ ದೈತ್ಯಗಾತ್ರದ ಒಂದು ಬರ್ಗರ್, ಒಂದು ಕೇಕಿನ ತುಂಡು, ಒಂದು ಐಸ್‌ಕ್ರೀಮ್ ಕೋನ್ ಇರಿಸಿದರು. ಪೀಠವಿಲ್ಲ, ಗಾಜಿನ ಪೆಟ್ಟಿಗೆಯಿಲ್ಲ. ನೇರವಾಗಿ ನೆಲದ ಮೇಲೆ. ಬರ್ಗರ್‌ನ ಅಗಲವೇ ಎರಡು ಮೀಟರಿಗೂ ಹೆಚ್ಚು. ಕ್ಯಾನ್ವಾಸ್ ಹೊಲಿದು, ಒಳಗೆ ಫೋಮ್ ರಬ್ಬರ್ ಮತ್ತು ರಟ್ಟಿನ ಪೆಟ್ಟಿಗೆಗಳನ್ನು ತುಂಬಿ, ಮೇಲೆ ಬಣ್ಣ ಬಳಿದದ್ದು. ಹೊಲಿಗೆಯ ಕೆಲಸದ ಬಹುಪಾಲು ಅವರ ಆಗಿನ ಪತ್ನಿ ಪ್ಯಾಟಿಯವರದು. ಕಲಾ ಇತಿಹಾಸದ ಪುಟಗಳಲ್ಲಿ ಈ ಮಾತು ಬಹುಕಾಲ ಅಂಚಿನಲ್ಲೇ ಉಳಿದಿತ್ತು. ಹೊಲಿಗೆಯೇ ಆಕಾರ ಕೊಡುವ ಕಲೆಯಲ್ಲಿ ಹೊಲಿದವರ ಹೆಸರನ್ನು ಬಿಡುವುದು ನ್ಯಾಯವಲ್ಲ.

1967ರಲ್ಲಿ ಟೊರೊಂಟೊದ ಕಲಾ ಸಂಗ್ರಹಾಲಯ ಈ ಬರ್ಗರನ್ನು ಕೊಂಡಾಗ, ‘ಇದೂ ಒಂದು ಕಲೆಯೇ?’ ಎಂದು ಪ್ರತಿಭಟಿಸಿದ ಕಲಾ ವಿದ್ಯಾರ್ಥಿಗಳು ದೈತ್ಯಾಕಾರದ ಕೆಚಪ್ ಬಾಟಲಿಯನ್ನೇ ಮಾಡಿ ಹೊತ್ತು ತಂದರು. ಬರ್ಗರ್ ಇಂದಿಗೂ ಅದೇ ಸಂಗ್ರಹದಲ್ಲಿದೆ.

ಓಲ್ಡನ್‌ಬರ್ಗ್ ಒಬ್ಬರೇ ಈ ದಾರಿ ಹಿಡಿದವರಲ್ಲ. ಅದೇ 1962ರಲ್ಲಿ ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ ಒಂದು ತೋಳುಕುರ್ಚಿಯನ್ನು ಹತ್ತಿ ತುಂಬಿ ಹೊಲಿದ ನೂರಾರು ಬಿಳಿ ಬಟ್ಟೆಯ ಮೊಳಕೆಗಳಿಂದ ಮುಚ್ಚಿದ್ದರು. ಯಾರು ಮೊದಲು ಎಂಬ ಚರ್ಚೆ ಇನ್ನೂ ನಿಂತಿಲ್ಲ. ಇವರಿಬ್ಬರಿಗಿಂತ ಬಹಳ ಹಿಂದೆ, 1916ರಲ್ಲಿ, ಫ್ರಾನ್ಸಿನ ಕಲಾವಿದ ಮಾರ್ಸೆಲ್ ದುಷಾಂ ಟೈಪ್‌ರೈಟರ್ ಮುಚ್ಚುವ ಖಾಲಿ ಹೊದಿಕೆಯೊಂದನ್ನು ಕಲಾಕೃತಿಯಾಗಿ ಆರಿಸಿಕೊಂಡದ್ದೂ ಉಂಟು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಲ್ಲಿನಲ್ಲಿ ಶಿಲ್ಪಿ ಎಲ್ಲಿ ಉಳಿ ನಿಲ್ಲಿಸುತ್ತಾನೋ ಅಲ್ಲಿಗೆ ಆಕಾರ ಮುಗಿಯಿತು. ಕಂಚು ಎರಕದ ಅಚ್ಚಿನಲ್ಲಿ ತಣಿದರೆ ಮುಗಿಯಿತು. ಮೃದು ಶಿಲ್ಪದಲ್ಲಿ ಕಲಾವಿದರು ಕತ್ತರಿಸಿ, ಹೊಲಿದು, ತುಂಬಿ ಕೈತೊಳೆದುಕೊಂಡ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಅದನ್ನು ಗುರುತ್ವಾಕರ್ಷಣೆ ಮಾಡುತ್ತದೆ. ಎಲ್ಲಿಂದ ನೇತುಹಾಕಿದರು, ಎಷ್ಟು ತುಂಬಿದರು, ಬಟ್ಟೆಯ ದಪ್ಪವೆಷ್ಟು ಎಂಬುದರ ಮೇಲೆ ಮಡಿಕೆಗಳು ಬೀಳುತ್ತವೆ. 1966ರಲ್ಲಿ ಓಲ್ಡನ್‌ಬರ್ಗ್ ವಿನೈಲ್ ಹೊಲಿದು, ಒಳಗೆ ಬೂರುಗದ ಹತ್ತಿ ತುಂಬಿ ಮಾಡಿದ ಮೆತ್ತನೆಯ ಕಮೋಡ್‌ನ ಅಂಚುಗಳು ದಣಿದ ಮನುಷ್ಯನ ಭುಜಗಳಂತೆ ಇಳಿಬಿದ್ದಿವೆ. ಗಟ್ಟಿ, ಹೊಳಪು, ನೈರ್ಮಲ್ಯಕ್ಕೆ ಹೆಸರಾದ ವಸ್ತುವೊಂದು ಹೀಗೆ ಸೋತು ಕುಸಿದದ್ದನ್ನು ಕಂಡಾಗ ನಗು ಬರುತ್ತದೆ, ಜೊತೆಗೆ ಅದರ ಮೇಲೆ ಒಂದು ಬಗೆಯ ಕನಿಕರವೂ ಹುಟ್ಟುತ್ತದೆ. ಅದು ನಮ್ಮ ಮೈಯನ್ನೇ ನೆನಪಿಸುತ್ತದೆ. ಎಲುಬಿಲ್ಲದ ವಸ್ತುವು ವಸ್ತುವಾಗಿ ಉಳಿಯದೆ ಜೀವಿಯಾಗಿಬಿಡುತ್ತದೆ.

ಅಮೆರಿಕದ ರಾಬರ್ಟ್ ಮಾರಿಸ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. 1967ರ ಸುಮಾರಿಗೆ ಅವರು ದಪ್ಪ ಉಣ್ಣೆಯ ಫೆಲ್ಟ್ ಹಾಳೆಗಳನ್ನು ಸೀಳಿ ಗೋಡೆಗೆ ನೇತುಹಾಕಿದರು. ಬರ್ಗರ್ ಇಲ್ಲ, ಕಮೋಡ್ ಇಲ್ಲ, ಯಾವ ವಸ್ತುವಿನ ಹೋಲಿಕೆಯೂ ಇಲ್ಲ. ಬಿದ್ದಂತೆ ಬಿದ್ದದ್ದೇ ಆಕಾರ. ಪ್ರತಿ ಸಲ ತೂಗುಹಾಕಿದಾಗಲೂ ಅದೇ ಕೃತಿಯ ಸುರುಳಿಗಳು ಬೇರೆ ರೀತಿ ಇಳಿಯುತ್ತವೆ.

ಭಾರತದ ಮೃಣಾಲಿನಿ ಮುಖರ್ಜಿ (1949–2015) ಹಿಡಿದದ್ದು ಬೇರೆಯೇ ದಾರಿ. ಸೆಣಬಿನ ನಾರಿಗೆ ಬಣ್ಣ ಹಾಕಿ, ಕೈಯಿಂದಲೇ ಒಂದೊಂದು ಗಂಟು ಹಾಕುತ್ತ ಆಳೆತ್ತರದ, ಅದಕ್ಕೂ ಮೀರಿದ ರೂಪಗಳನ್ನು ಕಟ್ಟಿದರು. 1984ರ ‘ಯಕ್ಷಿ’ ಅಂಥದ್ದು. ಇವುಗಳಲ್ಲಿ ತಮಾಷೆಗಿಂತ ಗಾಂಭೀರ್ಯವೇ ಹೆಚ್ಚು. ಹೂವೋ ದೇವತೆಯೋ ಎಂದು ಹೇಳಲಾಗದ ಮಡಿಕೆಗಳು. ಮೃದು ಶಿಲ್ಪವೆಂದರೆ ದೊಡ್ಡ ಗೊಂಬೆ ಎಂದುಕೊಂಡವರು ಇವರ ಕೃತಿಗಳನ್ನು ಒಮ್ಮೆ ನೋಡಬೇಕು.

ಗೊಂದಲವಾಗುವ ಜಾಗವೂ ಒಂದಿದೆ. ಮೆತ್ತಗೆ ಕಾಣುವುದೆಲ್ಲ ಮೃದು ಶಿಲ್ಪವಲ್ಲ. ಅಮೆರಿಕದ ಕಲಾವಿದ ಜೆಫ್ ಕೂನ್ಸ್ ಅವರ 1986ರ ಮೊಲ ಗಾಳಿ ತುಂಬಿದ ಬಲೂನಿನಂತೆ ಕಂಡರೂ ಅಪ್ಪಟ ಸ್ಟೇನ್‌ಲೆಸ್ ಸ್ಟೀಲ್. 17ನೇ ಶತಮಾನದಲ್ಲಿ ಇಟಲಿಯ ಶಿಲ್ಪಿ ಬೆರ್ನಿನಿ ಕಡೆದ ಹಾಸಿಗೆಯೊಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕೈಯಿಟ್ಟರೆ ತಗ್ಗುತ್ತದೆ ಎನಿಸುವಷ್ಟು ಮೆತ್ತಗೆ ಕಾಣುತ್ತದೆ, ಆದರೆ ಅದು ಅಮೃತಶಿಲೆ. ಅಲ್ಲಿ ಕಣ್ಣಿಗೆ ಮೋಸವಾಗುತ್ತದೆ, ಆ ಮೋಸದ ಕೈಚಳಕವೇ ಅದರ ಸೊಗಸು. ಮೃದು ಶಿಲ್ಪ ಯಾವ ಮೋಸವನ್ನೂ ಮಾಡುವುದಿಲ್ಲ, ತಾನು ಬಟ್ಟೆ ಎಂದು ಹೊಲಿಗೆಯ ಸಮೇತ ತೋರಿಸಿಕೊಳ್ಳುತ್ತದೆ. ಆದ್ದರಿಂದ ಫಲಕದಲ್ಲಿ ಶೀರ್ಷಿಕೆಗಿಂತ ಮೊದಲು ಸಾಮಗ್ರಿಯ ಸಾಲನ್ನು ಓದಿ. ಆಮೇಲೆ ಕೃತಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಅದರ ತೂಕ ನೆಲಕ್ಕೆ ತಾಗುವ ಅಂಚನ್ನು ನೋಡಿ. ಮುಂಭಾಗಕ್ಕಿಂತ ಹೆಚ್ಚಿನದು ಅಲ್ಲಿ ಕಾಣುತ್ತದೆ.

ಮುಟ್ಟುವ ಆಸೆಯಾಗುವುದು ಸಹಜ. ಆದರೂ ಮುಟ್ಟಬಾರದು ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಕೈಯ ಜಿಡ್ಡು ಬಟ್ಟೆಗೆ ಇಳಿದರೆ ಕಲ್ಲಿನಂತೆ ಒರೆಸಿ ತೆಗೆಯಲಾಗುವುದಿಲ್ಲ. ಈ ಸಾಮಗ್ರಿಗಳ ಆಯಸ್ಸೂ ಕಡಿಮೆ: ಫೋಮ್ ಪುಡಿಯಾಗುತ್ತದೆ, ಹಳೆಯ ವಿನೈಲ್ ಅಂಟಂಟಾಗುತ್ತದೆ, ಲೇಟೆಕ್ಸ್ (ರಬ್ಬರ್ ಹಾಲು) ಕಂದಿ ಗಡುಸಾಗಿ ಬಿರಿಯುತ್ತದೆ. ಅಮೆರಿಕದ ಕಲಾವಿದೆ ಈವಾ ಹೆಸ್ಸೆ 1960ರ ದಶಕದ ಕೊನೆಯಲ್ಲಿ ಮಾಡಿದ ಲೇಟೆಕ್ಸ್ ಕೃತಿಗಳಲ್ಲಿ ಕೆಲವು ಈಗ ಪ್ರದರ್ಶಿಸಲಾಗದ ಸ್ಥಿತಿಯಲ್ಲಿವೆ. ಹಾಗೆಂದು ಎಲ್ಲ ಕಡೆಯೂ ದೂರವೇ ನಿಲ್ಲಬೇಕಿಲ್ಲ. ಬ್ರೆಜಿಲ್‌ನ ಅರ್ನೆಸ್ಟೊ ನೆಟೊ ಹಿಗ್ಗುವ ತೆಳುಬಟ್ಟೆಯಲ್ಲಿ ಸಾಂಬಾರ ಪದಾರ್ಥಗಳನ್ನು ತುಂಬಿ ತೂಗುಬಿಟ್ಟ ಕೃತಿಗಳಿಗೆ ವಾಸನೆಯೇ ಅರ್ಧ ಜೀವ. ಅವರ ಹಲವು ಕೃತಿಗಳ ಒಳಗೆ ನಡೆದಾಡಬಹುದು, ಮಲಗಲೂಬಹುದು. ಯಾವುದರೊಳಗೆ ಹೋಗಬಹುದು, ಯಾವುದರೊಳಗೆ ಹೋಗಬಾರದು ಎಂಬುದು ಫಲಕದಲ್ಲಿ ಕಾಣದಿದ್ದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳಿ. ಕೇಳುವಾಗ, ಪ್ರದರ್ಶನ ಶುರುವಾದ ದಿನಕ್ಕಿಂತ ಈ ಕೃತಿ ಎಷ್ಟು ಜೋತುಬಿದ್ದಿದೆ ಎಂಬುದನ್ನೂ ಕೇಳಿ ನೋಡಿ. ದಿನವೂ ಅದರ ಪಕ್ಕದಲ್ಲೇ ನಿಲ್ಲುವವರು ಅವರು.