ಅದನ್ನೇ ಎಷ್ಟು ದಿನ ಮಾಡ್ತಾನೆ?

"ಆಂಟಿ, ಹದಿನೈದು ದಿನದಿಂದ ಅದೇ ಮರದ ದಿಮ್ಮಿ ಇಟ್ಕೊಂಡು ಕೂತಿದ್ದಾನಂತೆ. ಮುಂದಿನದು ಯಾವಾಗ ಕೊಡ್ತೀರಿ?"

ನಮ್ಮ ಮಾಂಟೆಸ್ಸರಿಯಲ್ಲಿ ಮಕ್ಕಳು ನಮ್ಮನ್ನು ಆಂಟಿ ಅನ್ನುತ್ತಾರೆ. ಅಪ್ಪ ಅಮ್ಮಂದಿರಿಗೂ ಅದೇ ರೂಢಿ, ನನಗಿಂತ ದೊಡ್ಡವರಿಗೂ! ಇರಲಿ, ಪ್ರಶ್ನೆಗೆ ಬರೋಣ. ವರ್ಷಕ್ಕೆ ಇಪ್ಪತ್ತು ಸಲವಾದರೂ ಕೇಳುತ್ತೇನೆ ಇದನ್ನು.

ಆ ದಿಮ್ಮಿಯಲ್ಲಿ ಹತ್ತು ಕುಳಿ, ಹತ್ತು ಸಿಲಿಂಡರ್, ಒಂದೊಂದೂ ಒಂದೊಂದು ಅಳತೆ. ತಲೆ ಮೇಲೊಂದು ಪುಟ್ಟ ಹಿಡಿ. ಮೂರು ಬೆರಳಲ್ಲಿ ಹಿಡಿದು ಎತ್ತಬೇಕು, ಕಲೆಸಬೇಕು, ಮತ್ತೆ ಅದರದರ ಕುಳಿಗೆ ಇಡಬೇಕು. ನಾಳೆ ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳು. ಒಂದು ತಪ್ಪಿದರೆ ಕೊನೆಯದು ಕೂರುವುದಿಲ್ಲ. "ತಪ್ಪು" ಅಂತ ನಾನು ಹೇಳಬೇಕಾಗಿಲ್ಲ, ದಿಮ್ಮಿಯೇ ಹೇಳುತ್ತದೆ.

ಒಮ್ಮೆ ಸರಿಯಾಗಿ ಇಟ್ಟರೆ ಪಾಠ ಮುಗಿಯಿತು ಅಂದುಕೊಳ್ಳುತ್ತಾರೆ. ಅಲ್ಲ. ಮೊದಮೊದಲು ಮಗು ತುರುಕಿ ನೋಡುತ್ತದೆ. ಆಮೇಲೆ ಕುಳಿಯ ಹತ್ತಿರ ಹಿಡಿದು ಅಳೆಯುತ್ತದೆ. ಒಂದು ದಿನ ಬರೀ ಕಣ್ಣಲ್ಲೇ ಅಳೆದು ಸೀದಾ ಇಡುತ್ತದೆ. ಬಾಗಿಲಲ್ಲಿ ನಿಂತು ನೋಡಿದರೆ ಈ ಮೂರೂ ಒಂದೇ ಥರ ಕಾಣುತ್ತವೆ. ಒಳಗೆ ಆಗುತ್ತಿರುವುದು ಬೇರೆ ಬೇರೆ ಕೆಲಸ.

1907ರಲ್ಲಿ ರೋಮ್‌ನ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸರಿ, ಈ ಪದ್ಧತಿಯನ್ನು ರೂಪಿಸಿದವರು, ತಮ್ಮ ಮೊದಲ ಶಾಲೆ "ಮಕ್ಕಳ ಮನೆ" ತೆರೆದರು. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಇದೇ ಸಿಲಿಂಡರ್‌ಗಳಲ್ಲಿ ಮುಳುಗಿದ್ದಳು. ಉಳಿದ ಮಕ್ಕಳಿಂದ ಹಾಡಿಸಿದರು, ಜಗ್ಗಲಿಲ್ಲ. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ದಿಮ್ಮಿಯನ್ನು ತೊಡೆಗೆಳೆದುಕೊಂಡು ಅಲ್ಲೇ ಮುಂದುವರಿಸಿದಳು. ಸಾಕೆನಿಸಿದಾಗ ತಾನೇ ನಿಲ್ಲಿಸಿದಳು, ಒಳ್ಳೆ ನಿದ್ದೆ ಮಾಡಿ ಎದ್ದವಳ ಹಾಗೆ.

ಇದನ್ನೆಲ್ಲ ನಾನು ಒಬ್ಬ ಅಜ್ಜಿಗೆ ವಿವರಿಸಲು ಹೊರಟಿದ್ದೆ. ಅವರೆಕಾಯಿ ಕಾಲ. ಅರ್ಧಕ್ಕೇ ತಡೆದರು. "ಅಯ್ಯೋ, ನನಗೆ ಗೊತ್ತಿಲ್ವೇನಮ್ಮ? ನೆನೆಸಿದ ಕಾಳು ಹಿದುಕೋಕೆ ಕೂತರೆ ಪಾತ್ರೆ ಖಾಲಿಯಾಗೋವರೆಗೂ ಏಳಲ್ಲ ಇವನು. ಅವರಮ್ಮ ಬಂದು ಟ್ಯಾಬ್ ಕೊಟ್ಟು ಎಬ್ಬಿಸ್ತಾಳೆ." ಆ ಅಮ್ಮನೇ ನನ್ನ ಹತ್ತಿರ ಬಂದು ಮಗನಿಗೆ ಗಮನ ನಿಲ್ಲುವುದಿಲ್ಲ ಅಂದಿದ್ದವರು.

ಎಲ್ಲ ಪುನರಾವರ್ತನೆಯೂ ಇಂಥದ್ದೇ ಎನ್ನಲಾರೆ. ಕೈ ಆಡುತ್ತಿದ್ದು ಕಣ್ಣು ಕಿಟಕಿಯಲ್ಲಿದ್ದರೆ ಅದು ಬೇಸರ, ಬೇರೆ ಕೆಲಸ ತೋರಿಸುತ್ತೇವೆ. ಹೆಸರು ಕರೆದರೂ ತಿರುಗದಿದ್ದರೆ, ಮಾತು ತಡವಾಗಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ. ಅದು ನನ್ನ ಕಣ್ಣಂದಾಜಿಗೆ ಬಿಡುವ ವಿಷಯವಲ್ಲ. ಉಳಿದವರು ದಯವಿಟ್ಟು ಹನ್ನೆರಡಕ್ಕೆ ಮುಂಚೆ ಕಿಟಕಿ ಹತ್ತಿರ ಬಂದು "ಪುಟ್ಟಾ" ಅಂತ ಕೂಗಬೇಡಿ.